ಹತ್ತು ನಿಮಿಷದ ಬಸ್ಸು

ಐರ್ಲೆಂಡಿನ ಒಂದು ನಗರದಲ್ಲಿ, ಜೀವನವಿಡೀ ಕಾರಿನಲ್ಲೇ ಓಡಾಡಿದ ಯೋಜನಾಧಿಕಾರಿಯೊಬ್ಬ ಬಸ್ ಸ್ಟಾಪಿನ ಒಂದೇ ಒಂದು ಬೆಂಚನ್ನು ಕೀಳಿಸಲು ಬಂದ. ಮಂಡಿನೋವಿನ ಮುದುಕಿ ಬ್ರೀಡಾ ಆ ಬೆಂಚಿಲ್ಲದೆ ಆಸ್ಪತ್ರೆಗೆ ಹೋಗುವಂತಿರಲಿಲ್ಲ. ಅವಳು ತಕರಾರು ಅರ್ಜಿ ಕೊಟ್ಟಿದ್ದಳು.

“ಹತ್ತು ನಿಮಿಷಕ್ಕೊಂದು ಬಸ್ಸು ಅಂತ ನಕ್ಷೆಯಲ್ಲೇ ಇದೆಯಲ್ಲಮ್ಮ, ಕೂರೋದ್ಯಾಕೆ?”

“ಸರಿ ಸ್ವಾಮಿ. ಮುಂದಿನ ಬಸ್ಸು ಬರೋವರೆಗೆ ಕೂರದೆ ನನ್ನ ಪಕ್ಕ ನಿಂತಿರಿ. ಅರ್ಜಿ ವಾಪಸ್ ತಗೋತೀನಿ.”

ಅವನು ಖುಷಿಯಾಗಿ ನಿಂತ. ಬಸ್ಸು ಬರುವ ಸಮಯ ತೋರಿಸುವ ವಿದ್ಯುತ್ ಫಲಕದಲ್ಲಿ ‘ಎರಡು ನಿಮಿಷ’ ಎಂದಿತ್ತು. ನೋಡನೋಡುತ್ತ ಆ ಬಸ್ಸು ಬಾರದೆಯೇ ಫಲಕದಿಂದ ಮಾಯವಾಯಿತು. ಮುಂದಿನವೂ ಹಾಗೇ ಹೋದವು. ಮುಕ್ಕಾಲು ಗಂಟೆಗೆ ಅವನು ಬೆಂಚಿನ ಮೇಲೆ ಕುಸಿದ.

“ಏಳಿ ಸ್ವಾಮಿ, ಕೂರೋದು ನಕ್ಷೆಯಲ್ಲಿಲ್ಲ!”

ಕಾದು ನಿಂತವರೆಲ್ಲ ನಕ್ಕರು. ಅವನು ಕೆಂಪಗಾಗಿ ಏನೋ ಬರೆದುಕೊಂಡು ಹೋದ.

ಮರುವಾರ ಆದೇಶ ಬಂತು. ಬೆಂಚು ಉಳಿಯಿತು. ಬಸ್ಸನ್ನು ರದ್ದು ಮಾಡಿದ್ದರು.