ಅಕ್ಕನ ಕಡತ

ಕಲ್ಗೋಡಿನ ತಾಲ್ಲೂಕು ಕಚೇರಿಯ ಹಿಂದೆ ಒಂದು ಬಂಡೆಯಿದೆ. ಆನೆ ಮಲಗಿದಂತಿದೆ ಎಂದು ಹೇಳುವವರಿದ್ದಾರೆ. ನನಗೆ ಹಾಗೆ ಕಂಡಿಲ್ಲ, ಬಂಡೆಯಂತೆಯೇ ಇದೆ. ಮೇಲ್ಭಾಗ ಚಪ್ಪಟೆ, ಒಕ್ಕಣೆಯ ಕಣದಷ್ಟು ಅಗಲ. ಮೈಯೆಲ್ಲ ಕಪ್ಪು. ನಡುವೆ ಮಾತ್ರ ಒಬ್ಬರು ಕೂರುವಷ್ಟು ಜಾಗ ಬೂದು ಬಣ್ಣಕ್ಕಿದೆ. ಸರ್ವೆ ನಕ್ಷೆಯಲ್ಲಿ ಅದನ್ನು ಉಳುಮೆಗೆ ಬಾರದ ಖರಾಬು ಎಂದು ಬರೆದು ಬಿಟ್ಟಿದ್ದಾರೆ. ಊರಿನವರು ಅಕ್ಕನ ಕಡತ ಎನ್ನುತ್ತಾರೆ. ಕಲ್ಲಿಗೆ ಇದೆಂಥ ಹೆಸರು ಎಂದು ವರ್ಗವಾಗಿ ಬಂದ ಗುಮಾಸ್ತರೆಲ್ಲ ಒಮ್ಮೆ ಕೇಳುತ್ತಾರೆ, ಆಮೇಲೆ ಮರೆಯುತ್ತಾರೆ. ಬಂಡೆಯ ಬುಡದಲ್ಲೇ ಕಚೇರಿಯ ದಾಖಲೆ ಕೋಣೆ. ಬಾಗಿಲು ತೆರೆಯುವ ಹೊತ್ತಿಗಿಂತ ಮುಂಚೆಯೇ ಅದರ ಕಿಟಕಿಯ ಮುಂದೆ ಜನ ನಿಂತಿರುತ್ತಾರೆ. ಹಳೆಯ ಪಹಣಿ ಬೇಕಾದವರು, ಖಾತೆಯ ನಕಲು ಬೇಕಾದವರು, ಸತ್ತವರ ಹೆಸರಿನ ಕಾಗದ ಬೇಕಾದವರು. ಇಲ್ಲಿ ಅರ್ಜಿ ಕೊಟ್ಟರೆ ಜಿಲ್ಲೆಯಲ್ಲಿ ಕೇಳಿ ಎನ್ನುತ್ತಾರೆ. ಜಿಲ್ಲೆಗೆ ಹೋದರೆ ತಾಲ್ಲೂಕಿನಲ್ಲೇ ಇರಬೇಕು ನೋಡಿ ಎನ್ನುತ್ತಾರೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ ಕಡತ ಲಭ್ಯವಿಲ್ಲ ಎಂದು ಮೊಹರು ಒತ್ತಿದ ಉತ್ತರ ಬರುತ್ತದೆ. ಆ ಉತ್ತರ ಹಿಡಿದವರು ಬಂಡೆ ಹತ್ತುತ್ತಾರೆ. ಏಕೆ ಹತ್ತುತ್ತಾರೆ ಎಂಬುದಕ್ಕೆ ಹಳೆಯ ಕಾರಣವಿದೆ.

ಹಿಂದೆ ಒಮ್ಮೆ ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದರು. ಎದುರಿನ ಗುಡ್ಡದ ಮೇಲೆ ಅವರ ದುರ್ಗ. ಈಗ ಕಚೇರಿಯಿರುವ ಜಾಗದಲ್ಲಿ ಅವರ ಕಡತದ ಚಾವಡಿ. ಆಗ ಇಲ್ಲಿ ಕಾಗದದ ಬಳಕೆ ಇರಲಿಲ್ಲ. ಬಟ್ಟೆಗೆ ಹುಣಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು ಒಣಗಿಸಿ, ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಅದೇ ಕಡತ. ಅದರಲ್ಲಿ ಬರೆದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮತ್ತೆ ಅಂಟು ಬಳಿದರೆ ಬಟ್ಟೆ ಹೊಸದಾಗುತ್ತದೆ. ಬಟ್ಟೆಗೆ ಅಭಾವವಿದ್ದ ಕಾಲ. ಹಾಗಾಗಿ ಚಾವಡಿಯಲ್ಲಿ ಒಂದು ಪದ್ಧತಿ ನಡೆದುಕೊಂಡು ಬಂದಿತ್ತು. ಸೀಗೆ ಹುಣ್ಣಿಮೆಯ ದಿನ ಕರಣಿಕ ಎಲ್ಲ ಕಟ್ಟುಗಳನ್ನೂ ಈ ಬಂಡೆಯ ಮೇಲೆ ಹರಡಿ ಕೂರುತ್ತಿದ್ದ. ಒಂದೊಂದನ್ನೇ ಎತ್ತಿ, ಇದು ಇಂಥ ಊರಿನದು, ಯಾರಾದರೂ ಇದ್ದೀರಾ ಎಂದು ಕೇಳುತ್ತಿದ್ದ. ಸಂಬಂಧಪಟ್ಟವರು ಎದ್ದು ನಿಂತು, ಅದು ಯಾರ ಕಡತ, ಯಾವ ವಿಷಯ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದರೆ ಕಡತ ಮತ್ತೆ ಕಟ್ಟಿಗೆ ಸೇರಿ ಇನ್ನೊಂದು ವರ್ಷ ಉಳಿಯುತ್ತಿತ್ತು. ಹೊತ್ತು ಮುಳುಗುವುದರೊಳಗೆ ಯಾರೂ ಹೇಳದಿದ್ದರೆ, ಯಾರಿಗೂ ಬೇಡವೆಂದು ಲೆಕ್ಕ. ಒರೆಸಿ, ಅಂಟು ಬಳಿದು, ಇಲ್ಲೇ ಹರವುತ್ತಿದ್ದರು. ಬಂಡೆಯ ಕಪ್ಪು ಆ ಇದ್ದಿಲಿನದು ಎನ್ನುತ್ತಾರೆ.

ಕಲ್ಗೋಡಿಗೆ ಅರ್ಧ ದಿನದ ಹಾದಿಯಲ್ಲಿ ನೇರಳಕುಂಟೆ ಎಂಬ ಊರು. ಒಂದು ಮಳೆಗಾಲದಲ್ಲಿ ಅಲ್ಲಿನ ಕೆರೆಯ ಏರಿ ಒಡೆದು, ಕೆಳಗಿದ್ದ ಪಾಳೆಯಗಾರನ ಗದ್ದೆ ಕೊಚ್ಚಿಹೋಯಿತು. ಊರಿನವರು ಏರಿಯ ಮೇಲೆ ಬೆಳೆದ ಗಿಡ ಕೀಳದೆ ಬಿಟ್ಟದ್ದೇ ಕಾರಣ ಎಂದು ತೀರ್ಮಾನವಾಯಿತು. ಅದು ನಿಜವೂ ಆಗಿತ್ತು. ಊರವರೇ ಏರಿ ಕಟ್ಟಬೇಕು, ಕಟ್ಟಿ ಮುಗಿಯುವ ತನಕ ಕಂದಾಯ ಬೇಡ, ಅಲ್ಲಿಯವರೆಗೆ ಊರಿನ ಒಬ್ಬ ಆಳು ದುರ್ಗದಲ್ಲಿ ಒತ್ತೆ ಇರಬೇಕು ಎಂದು ಅಪ್ಪಣೆಯಾಯಿತು. ಊರ ಗೌಡ ಸಣ್ಣಮಲ್ಲ ಯಾರನ್ನು ಕಳಿಸುವುದೆಂದು ಹೆಚ್ಚು ಯೋಚಿಸಲಿಲ್ಲ. ಓಬ ಎಂಬ ಹುಡುಗನಿಗೆ ತಂದೆ ತಾಯಿ ಇರಲಿಲ್ಲ. ಸಾಕಿದವಳು ಅಕ್ಕ ದ್ಯಾವಕ್ಕ. ಗಂಡನೂ ಇಲ್ಲದವಳು, ಮಣ್ಣು ಹೊತ್ತು ಬದುಕುವವಳು. ಅವಳ ಮನೆ ಬಾಗಿಲಿಗೆ ಗೌಡನೇ ಬಂದು ಹೇಳಿದನಂತೆ.

"ಒಂದೇ ಮಳೆಗಾಲ ಕಣವ್ವಾ. ಮುಂದಿನ ಸುಗ್ಗಿಗೆ ನಿನ್ನ ತಮ್ಮ ಇಲ್ಲೇ ಮುದ್ದೆ ಮುರೀತಿರ್ತಾನೆ."

ಓಬ ಹೋದ. ಚಾವಡಿಯಲ್ಲಿ ಅವನ ಕಡತವಾಯಿತು. ಬರೆದದ್ದನ್ನು ಕರಣಿಕ ನರಸಪ್ಪಯ್ಯ ಅಕ್ಕನಿಗೆ ಒಮ್ಮೆ ಓದಿ ಹೇಳಿದ. ಓದು ಬಾರದವಳು ಅದನ್ನು ಅಕ್ಷರ ಬಿಡದೆ ಮನಸ್ಸಿನಲ್ಲಿ ಇಟ್ಟುಕೊಂಡಳು. ನೇರಳಕುಂಟೆಯ ಓಬ, ತಂದೆ ಕೆಂಚ, ಅಕ್ಕ ದ್ಯಾವಕ್ಕ. ಎಡಗಿವಿಯ ಹಿಂದೆ ಸುಟ್ಟ ಕಲೆ. ಕೆರೆ ಏರಿಗೆ ಒತ್ತೆ. ಏರಿ ಮುಗಿದರೆ ಬಿಡತಕ್ಕದ್ದು. ಕಡತದಲ್ಲಿದ್ದದ್ದು ಇಷ್ಟೇ. ಈ ಕಡತದ ನಕಲನ್ನು, ಏರಿ ಮುಗಿದಿದೆ ಎಂಬ ಷರಾದೊಂದಿಗೆ, ಕೈಗೆ ಕೊಟ್ಟರೆ ದುರ್ಗದ ಕಿಲ್ಲೇದಾರ ಆಳನ್ನು ಬಿಡುತ್ತಾನೆ. ನಕಲಿಲ್ಲದೆ ಬಿಡುವಂತಿಲ್ಲ. ಸುಟ್ಟ ಕಲೆಯ ವಿಷಯ ಬರೆಸುವಾಗ ಅವಳು ತಲೆ ತಗ್ಗಿಸಿದಳು ಎನ್ನುತ್ತಾರೆ. ಅವನು ಕೂಸಾಗಿದ್ದಾಗ ಅವಳ ಕೈಯಿಂದಲೇ ಬಿಸಿ ಗಂಜಿ ಚೆಲ್ಲಿತ್ತು.

ಓಬನನ್ನು ದುರ್ಗದಲ್ಲಿ ಮದ್ದು ಅರೆಯುವ ಕೋಣೆಗೆ ಹಾಕಿದರು. ತೋಪಿನ ಮದ್ದು. ಅಲ್ಲಿ ಗಂಧಕದ ಧೂಳು, ಇದ್ದಿಲ ಧೂಳು. ಎದೆ ಹೆಚ್ಚು ಕಾಲ ತಡೆಯುವ ಕೆಲಸವಲ್ಲ. ಊರಲ್ಲಿ ಏರಿಯ ಕೆಲಸ ಮೊದಲ ವರ್ಷ ಭರದಿಂದ ಸಾಗಿತು. ಎರಡನೆಯ ವರ್ಷ ಮುಗಿಯುತ್ತಾ ಬಂತು. ಆಮೇಲೆ ನಿಂತಿತು. ಕಂದಾಯವಿಲ್ಲದ ಬೆಳೆಯ ರುಚಿ ಊರಿಗೆ ಹತ್ತಿತ್ತು. ಏರಿ ಮುಗಿದ ದಿನ ಕಂದಾಯ ಶುರು. ಹಾಗಾಗಿ ಕೊನೆಯ ತುಂಡು, ತೂಬಿನ ಪಕ್ಕದ್ದು, ಹಾಗೇ ಉಳಿಯಿತು. ಈ ವರ್ಷ ಎತ್ತಿಗೆ ಕಾಲುಬೇನೆ, ಮುಂದಿನ ವರ್ಷ ಗೌಡನ ಮಗಳ ಮದುವೆ, ಅದರ ಮುಂದಿನ ವರ್ಷ ಇನ್ನೇನೋ. ಯಾರೂ ಬೇಡ ಎನ್ನಲಿಲ್ಲ. ಯಾರೂ ಗುದ್ದಲಿ ಎತ್ತಲಿಲ್ಲ. ದ್ಯಾವಕ್ಕ ಮಾತ್ರ ಪ್ರತಿ ಸೀಗೆ ಹುಣ್ಣಿಮೆಗೂ ಬಂಡೆಯ ಮೇಲೆ ಬಂದು ನಿಂತು ತಮ್ಮನ ಕಡತ ಹೇಳುತ್ತಿದ್ದಳು. ನರಸಪ್ಪಯ್ಯ ಕಟ್ಟುನಿಟ್ಟಿನ ಮನುಷ್ಯ, ಕೆಟ್ಟವನಲ್ಲ. ಕ್ರಮೇಣ ಅವಳ ಮುಖ ಅವನಿಗೆ ಪರಿಚಯವಾಯಿತು.

"ಬಂದೆಯೇನವ್ವ? ಇನ್ನೂ ಗಟ್ಟಿಯಾಗಿದ್ದೀಯಲ್ಲ" ಎಂದರೆ, "ನಿಮ್ಮ ಬಳಪ ಸವೆಯೋ ತನಕ ಇರ್ತೀನಿ, ಬುದ್ಧಿ" ಎನ್ನುವಳು. ಅವನು ನಗುತ್ತಿರಲಿಲ್ಲ. ಆದರೆ ಅವಳ ಕಡತವನ್ನು ಕಟ್ಟಿನ ಮೇಲ್ಭಾಗದಲ್ಲಿ ಇಡುತ್ತಿದ್ದ. ಏರಿ ಮುಗಿಯಿತೇ ಎಂದು ಕೇಳುವುದು ಪದ್ಧತಿ, ಕೇಳುತ್ತಿದ್ದ. ಇಲ್ಲ ಎನ್ನುವಳು. ಮುಗಿಯಿತೆಂದು ಸುಳ್ಳು ಹೇಳಿದರೆ ಏರಿ ನೋಡಲು ಚಾವಡಿಯ ಆಳು ಹೋಗುತ್ತಾನೆಂದು ಅವಳಿಗೆ ಗೊತ್ತಿತ್ತು.

ದುರ್ಗದಿಂದ ಇಳಿದು ಬಂದ ಒಬ್ಬ ಸಿಪಾಯಿಯಿಂದ ಓಬ ಕೆಮ್ಮುತ್ತಿದ್ದಾನೆ ಎಂದು ತಿಳಿದ ವರ್ಷ ಅವಳು ಊರಿನವರನ್ನು ಕೇಳುವುದನ್ನು ಬಿಟ್ಟಳು. ತಾನೇ ಬುಟ್ಟಿ ತೆಗೆದುಕೊಂಡಳು. ಕೊನೆಯ ತುಂಡಿಗೆ ಮಣ್ಣು ಹೊತ್ತಳು, ಕಲ್ಲು ಹೊತ್ತಳು, ತುಳಿದು ಗಟ್ಟಿ ಮಾಡಿದಳು. ಊರಿನವರು ನೋಡಿದರು. ಒಂದಿಬ್ಬರು ಹೆಂಗಸರು ಕೈ ಹಾಕಲು ಬಂದಾಗ ಗಂಡಂದಿರು ಕರೆದುಕೊಂಡು ಹೋದರು. ಹುಣ್ಣಿಮೆಯ ಹಿಂದಿನ ದಿನ ಕೆಲಸ ಮುಗಿಯಿತು. ಅಂದು ಸಂಜೆ ಹಿಂಗಾರಿನ ಮಳೆ ಹೊಯ್ದು ಹಸಿ ಮಣ್ಣಿನ ಒಂದು ಬದಿ ಜಾರಿತು. ಬೆಳಿಗ್ಗೆ ಗೌಡ ಸಣ್ಣಮಲ್ಲ ನಾಲ್ಕು ಹಿರಿಯರೊಂದಿಗೆ ಗೋಮಾಳದ ಕಡತಕ್ಕಾಗಿ ಕಲ್ಗೋಡಿಗೆ ಹೊರಟಿದ್ದ. ಏರಿಯ ಮೇಲೆಯೇ ದಾರಿ. ಅವಳು ಬುಟ್ಟಿ ಇಳಿಸಿ ಅಡ್ಡ ಬಂದಳು. ಈ ಬದಿ ಸರಿಮಾಡಿ ಬರುತ್ತೇನೆ, ನಾನು ಬರುವುದು ತಡವಾದರೆ ತಮ್ಮನ ಹೆಸರು ಮಾತ್ರ ನೀವು ಹೇಳಿ ಎಂದಳು. ಏರಿಯ ಮಾತನ್ನು ನಾನೇ ಆಡುತ್ತೇನೆ, ನಿಮಗೆ ಕಷ್ಟ ಬೇಡ ಎಂದೂ ಸೇರಿಸಿದಳು.

"ಆಗಲವ್ವಾ. ಅದೇನು ದೊಡ್ಡ ಮಾತು" ಎಂದ ಗೌಡ.

ಅವಳು ಕಲ್ಗೋಡು ಸೇರಿದಾಗ ಹೊತ್ತು ಮುಳುಗಿ ಕತ್ತಲಾಗುತ್ತಿತ್ತು. ಬಂಡೆಯ ಮೇಲೆ ಬಟ್ಟೆಗಳನ್ನು ಹರವಿದ್ದರು. ಗೌಡ ಮತ್ತು ಹಿರಿಯರು ಗೋಮಾಳದ ಕೆಲಸ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದರು. ಅವಳನ್ನು ಕಂಡು ಎದ್ದು ಹೊರಟರು. ಮುಖ ಕೊಡಲಿಲ್ಲ. ನರಸಪ್ಪಯ್ಯ ಅಂಟಿನ ಮಡಕೆಯ ಪಕ್ಕದಲ್ಲಿದ್ದ. ಅವನ ಮುಂದಿದ್ದ ಬಟ್ಟೆ ಇನ್ನೂ ಒದ್ದೆ. ಅವಳಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ಕೇಳಿದೆನವ್ವ" ಎಂದ ಕರಣಿಕ. "ನೇರಳಕುಂಟೆಯವರು ಯಾರಾದರೂ ಇದ್ದೀರಾ ಎಂದು ಮೂರು ಸಲ ಕೇಳಿದೆ. ನಿಮ್ಮೂರಿನವರು ಇಲ್ಲೇ ಕೂತಿದ್ದರು."

ಹೆಸರು ಹೇಳಿದ್ದರೆ ಮುಂದಿನ ಪ್ರಶ್ನೆ ಬರುತ್ತಿತ್ತು. ಏರಿ ಮುಗಿಯಿತೇ? ಅಂದು ಅದಕ್ಕೆ ಹೌದು ಎನ್ನಬೇಕಿತ್ತು, ಹೌದು ಎಂದರೆ ಕಂದಾಯ ಶುರು. ಅದಕ್ಕೇ ಯಾರೂ ಬಾಯಿ ಬಿಡಲಿಲ್ಲ. ಅಷ್ಟೇ ನಡೆದದ್ದು.

ದ್ಯಾವಕ್ಕ ಅಳಲಿಲ್ಲ ಎನ್ನುತ್ತಾರೆ. ನಿಮಗೆ ಎಲ್ಲ ಗೊತ್ತಲ್ಲ ಬುದ್ಧಿ, ಇಷ್ಟು ವರ್ಷ ಕೇಳಿದ್ದೀರಿ, ಬಟ್ಟೆ ಒಣಗಿದ ಮೇಲೆ ಮತ್ತೆ ಬರೆಯಿರಿ ಎಂದಳು. ನರಸಪ್ಪಯ್ಯ ಕೈಗೆ ಹತ್ತಿದ ಅಂಟು ಒರೆಸಿಕೊಂಡ.

"ಗೊತ್ತು. ಗೊತ್ತಿದೆ ಎಂದು ಬರೆಯುವ ಹಕ್ಕು ಕರಣಿಕನಿಗಿಲ್ಲ. ಇದ್ದದ್ದರ ನಕಲು ಮಾತ್ರ ನನ್ನದು. ಹೊಸ ಕಡತಕ್ಕೆ ದುರ್ಗದಿಂದ ಅಪ್ಪಣೆ ಬೇಕು."

ಅವಳು ದುರ್ಗ ಹತ್ತಿದಳು. ಕಿಲ್ಲೇದಾರ ಬಾಗಿಲಲ್ಲೇ ಮಾತಾಡಿದ. ಅಂಥವನೊಬ್ಬ ಇಲ್ಲಿದ್ದಾನೆ ಎಂದು ನಾನು ಹೇಳಬೇಕಾದರೂ ಕೆಳಗಿನ ನಕಲು ಬೇಕು ಎಂದ. ಕೆಳಗಿಳಿದಳು. ಮೇಲಿನ ಅಪ್ಪಣೆ ಬೇಕು ಎಂದರು. ಮತ್ತೆ ಹತ್ತಿದಳು. ಕಡೆಗೆ ಬಂಡೆಯ ನಡುವೆ ಬಂದು ಕುಳಿತಳು. ಅಲ್ಲಿಂದ ದುರ್ಗದ ಮೆಟ್ಟಿಲೂ ಕಾಣುತ್ತದೆ, ಚಾವಡಿಯ ಬಾಗಿಲೂ ಕಾಣುತ್ತದೆ. ಕುಳಿತು ಕಡತ ಹೇಳತೊಡಗಿದಳು. ನೇರಳಕುಂಟೆಯ ಓಬ, ತಂದೆ ಕೆಂಚ, ಅಕ್ಕ ದ್ಯಾವಕ್ಕ. ಎಡಗಿವಿಯ ಹಿಂದೆ ಸುಟ್ಟ ಕಲೆ. ಕೆರೆ ಏರಿಗೆ ಒತ್ತೆ. ಏರಿ ಮುಗಿದರೆ ಬಿಡತಕ್ಕದ್ದು. ಏರಿ ಮುಗಿದಿದೆ. ಕೊನೆಯ ಮಾತೊಂದೇ ಹೊಸದು. ಚಾವಡಿಗೆ ಬಂದವರು ಮೊದಲು ನಿಂತು ಕೇಳಿದರು, ಆಮೇಲೆ ನಿಲ್ಲದೆ ಕೇಳಿದರು, ಆಮೇಲೆ ಕೇಳುವುದನ್ನೇ ಬಿಟ್ಟರು. ಗಂಜಿ ಕೊಟ್ಟವರೂ ಇದ್ದರು. ಹುಚ್ಚಿ ಎಂದವರೂ ಇದ್ದರು. ನರಸಪ್ಪಯ್ಯ ಕಿಟಕಿ ಮುಚ್ಚಿ ಬರೆಯುತ್ತಿದ್ದ. ಧ್ವನಿ ಒಳಗೂ ಬರುತ್ತಿತ್ತು.

ಚಳಿಗಾಲ ಕಳೆದು ಬೇಸಿಗೆ ಹತ್ತುವ ಹೊತ್ತಿಗೆ ದುರ್ಗದಿಂದ ಒಬ್ಬ ಓಲೆಕಾರ ಚಾವಡಿಗೆ ಬಂದ. ಮದ್ದಿನ ಕೋಣೆಯಲ್ಲಿ ಒಬ್ಬ ಸತ್ತಿದ್ದಾನೆ, ಅವನ ಊಟದ ಪಡಿ ನಿಲ್ಲಿಸಬೇಕು, ಯಾರೆಂದು ಕಡತ ನೋಡಿ ಬರೆದುಕೊಡಿ ಎಂದ. ಕಡತವಿಲ್ಲದಿದ್ದರೆ ಹೆಸರಿಲ್ಲದ ಹೆಣ. ಅಂಥದ್ದನ್ನು ಹಿಂಬದಿಯ ಕೊರಕಲಿಗೆ ಹಾಕುವುದು ದುರ್ಗದ ರೂಢಿ. ಗುರುತೇನಾದರೂ ಇದೆಯೇ ಎಂದು ಕರಣಿಕ ಕೇಳಿದ. ಕಿವಿಯ ಹಿಂದೆ ಸುಟ್ಟ ಕಲೆ ಎಂದ ಓಲೆಕಾರ. ಯಾವ ಕಿವಿ ಎಂದು ನರಸಪ್ಪಯ್ಯ ಕೇಳಲಿಲ್ಲ. ಎದ್ದು ಹೊರಗೆ ಬಂದು ಬಂಡೆಯ ಕಡೆ ಕೈ ತೋರಿಸಿದ.

"ಕಡತ ಅಲ್ಲಿದೆ. ಹೋಗಿ ಕೇಳು."

ಓಲೆಕಾರ ಬಂಡೆ ಹತ್ತಿದ. ದ್ಯಾವಕ್ಕ ಹೇಳುತ್ತಲೇ ಇದ್ದಳು. ಅವನು ಬರೆದುಕೊಂಡ. ಬರೆದು, ಇದಕ್ಕೆ ಸಾಕ್ಷಿ ಬೇಕಲ್ಲ ಎಂದು ಹಿಂತಿರುಗಿ ನೋಡಿದ. ಕರಣಿಕ ಅವನ ಹಿಂದೆಯೇ ಬಂದು ನಿಂತಿದ್ದ.

"ನಾನು ಕೇಳಿದ್ದೇನೆ" ಎಂದ ನರಸಪ್ಪಯ್ಯ. "ಬರೆದುಕೋ. ಕರಣಿಕ ಕೇಳಿದ್ದಾನೆ."

ದ್ಯಾವಕ್ಕ ಮಾತು ನಿಲ್ಲಿಸಿದಳು. ಏನಾಗಿದೆ ಎಂದು ಅವಳಿಗೆ ಆಗ ತಿಳಿಯಿತು. ಮೆಲ್ಲಗೆ ಹೇಳಿದಳಂತೆ.

"ಈ ಮಾತು ಮೊದಲೇ ಆಡಬಹುದಿತ್ತಲ್ಲ, ಬುದ್ಧಿ."

ಅವನು ಓಲೆಕಾರನ ಕೈಯಿಂದ ಬಳಪ ತೆಗೆದುಕೊಂಡು ಕೆಳಗೆ ತನ್ನ ಹೆಸರು ಬರೆದ.

ಹೆಣ ಅವಳ ಕೈಗೆ ಸಿಕ್ಕಿತು. ನೇರಳಕುಂಟೆಗೆ ಒಯ್ದು, ತಾನು ಕಟ್ಟಿದ ಏರಿಯ ತುಂಡಿನ ಬುಡದಲ್ಲೇ ಮಣ್ಣು ಮಾಡಿದಳು. ಮತ್ತೆ ಅವಳ ಸುದ್ದಿ ಇಲ್ಲ. ಗೌಡ ಸಣ್ಣಮಲ್ಲನಿಗೆ ಹಾವು ಕಚ್ಚಿತು, ಅವನ ವಂಶ ಅಳಿಯಿತು ಎಂದು ಕೆಲವರು ಸೇರಿಸಿ ಹೇಳುತ್ತಾರೆ. ನಾನು ವಿಚಾರಿಸಿದ್ದೇನೆ. ಅವನು ಚೆನ್ನಾಗಿ ಬಾಳಿದ, ವಯಸ್ಸಾಗಿ ಸತ್ತ. ನರಸಪ್ಪಯ್ಯ ಮುಂದಿನ ಹುಣ್ಣಿಮೆಗಳಲ್ಲೂ ಕಡತ ಒರೆಸಿದ, ಪದ್ಧತಿ ನಿಲ್ಲಲಿಲ್ಲ. ಅವಳು ಕುಳಿತ ಜಾಗದಲ್ಲಿ ಮಾತ್ರ ಬಟ್ಟೆ ಹರವಲಿಲ್ಲ. ಅದಕ್ಕೇ ಅಷ್ಟು ಭಾಗಕ್ಕೆ ಕಪ್ಪು ಹಿಡಿದಿಲ್ಲ ಎನ್ನುತ್ತಾರೆ. ಕಪ್ಪೆಲ್ಲ ಪಾಚಿ ಎಂದು ಒಬ್ಬ ಮೇಷ್ಟ್ರು ನನ್ನೊಂದಿಗೆ ವಾದಿಸಿದ್ದರು. ಇರಬಹುದು. ನಡುವೆ ಏಕೆ ಪಾಚಿ ಬೆಳೆದಿಲ್ಲ ಎಂದು ಕೇಳಿದೆ.

ನೇರಳಕುಂಟೆಯ ಕೆರೆ ಈಗಲೂ ಇದೆ. ತೂಬಿನ ಪಕ್ಕದ ಏರಿ ಉಳಿದದ್ದಕ್ಕಿಂತ ಮೊಳದಷ್ಟು ತಗ್ಗು. ಅದಕ್ಕಿಂತ ಎತ್ತರಕ್ಕೆ ಒಬ್ಬಳ ಕೈಯಲ್ಲಿ ಆಗಲಿಲ್ಲ, ಆಮೇಲೆ ಯಾರೂ ಏರಿಸಲೂ ಇಲ್ಲ. ಬಂಡೆಯೂ ಹಾಗೆಯೇ ಇದೆ. ಕಡತ ಲಭ್ಯವಿಲ್ಲ ಎಂದು ಉತ್ತರ ಬಂದವರು ಮೇಲೆ ಹತ್ತಿ, ಬೂದು ಜಾಗದ ಮುಂದೆ ನಿಂತು, ತಮ್ಮ ಹೆಸರು, ತಂದೆಯ ಹೆಸರು, ಊರು, ಬೇಕಾದ ಕಾಗದ ಯಾವುದು ಎಂದು ಗಟ್ಟಿಯಾಗಿ ಹೇಳುತ್ತಾರೆ. ಆಗ ಅಲ್ಲಿ ಯಾರಿದ್ದರೂ, ಗುರುತು ಪರಿಚಯ ಇಲ್ಲದಿದ್ದರೂ, ಕೇಳಿದ್ದೇನೆ ಎನ್ನಬೇಕು. ಸುಮ್ಮನಿರಕೂಡದು. ದನ ಮೇಯಿಸುವವರೂ ಅನ್ನುತ್ತಾರೆ, ಊಟದ ಡಬ್ಬಿ ತೊಳೆಯಲು ಬಂದ ಗುಮಾಸ್ತರೂ ಅನ್ನುತ್ತಾರೆ. ಅದರಿಂದ ಕಾಗದ ಸಿಕ್ಕಿದ್ದು ನನಗೆ ಗೊತ್ತಿಲ್ಲ. ಮೊನ್ನೆ ಒಬ್ಬ ಹೆಂಗಸು ಬಂದಿದ್ದಳು. ಗಾರೆ ಕೆಲಸಕ್ಕೆ ಹೋಗಿ ಸತ್ತ ಗಂಡನ ಮರಣದ ದಾಖಲೆ ಎರಡು ಕಚೇರಿಯಲ್ಲೂ ಇಲ್ಲವಂತೆ. ಎಲ್ಲವನ್ನೂ ನಿಧಾನವಾಗಿ ಹೇಳಿದಳು, ಕಡೆಗೆ ಗಂಡನ ಹೆಸರನ್ನೂ ಹೇಳಿದಳು. ನಾನೊಬ್ಬನೇ ಇದ್ದೆ. ಕೇಳಿದ್ದೇನೆ ಎಂದೆ. ಅವಳು ಸೆರಗು ಸರಿಮಾಡಿಕೊಂಡು ಇಳಿದು ಹೋಗಿ ಸಾಲಿನ ಕೊನೆಯಲ್ಲಿ ನಿಂತಳು. ಕಿಟಕಿ ಇನ್ನೂ ತೆರೆದಿರಲಿಲ್ಲ.