ಹಾರದ ಕಿಡಿ, ಮಲಗದ ಪಾಪು

ಒಂದು ಊರು. ಆ ಊರಲ್ಲೊಂದು ಕೆಂಪು ಬೈಕು. ಬೈಕಿನ ಹೊಟ್ಟೆಯಲ್ಲೊಂದು ಪ್ಲಗ್ಗು. ಪ್ಲಗ್ಗಿನ ತುದಿಯಲ್ಲೊಂದು ಸಣ್ಣ ಸಂದು. ಆ ಸಂದು ದಾಟಿ ನೀಲಿ ಕಿಡಿ ಹಾರುತ್ತಿತ್ತು. ಕಿಡಿ ಹಾರಿದರೆ ಬೈಕು ಡುಗು ಡುಗು. ಡುಗು ಡುಗು ಕೇಳಿದರೆ ಬೆಳ್ಳಿ ಪಾಪುಗೆ ನಿದ್ದೆ.

ಒಂದು ದಿನ ಕಿಡಿ ಹಾರಲಿಲ್ಲ. ಬೈಕು ಸುಮ್ಮನಾಯಿತು. ಪಾಪು ಅತ್ತಿತು. ಮೂರು ದಿನ ಅತ್ತಿತು. ಪಾಪುವಿನ ಅಜ್ಜಿ ಸಾಕಜ್ಜಿ ಬಾಯಲ್ಲೇ ಡುಗು ಡುಗು ಅಂದಳು. ಪಾಪು ಮೋಸ ಹೋಗಲಿಲ್ಲ. ಅಯ್ಯೋ, ಅಜ್ಜಿಗೂ ನಿದ್ದೆಯಿಲ್ಲ!

ಬೈಕು ಮೆಕ್ಯಾನಿಕ್ ಇಮಾಮಣ್ಣನ ಅಂಗಡಿ ಸೇರಿತು. ಅಜ್ಜಿ ಪಾಪುವನ್ನು ಸೊಂಟಕ್ಕೇರಿಸಿ ಅಲ್ಲಿಗೇ ಬಂದಳು. ಇಮಾಮಣ್ಣ ಪ್ಲಗ್ ಬಿಚ್ಚಿ ನೋಡಿದ.

"ಸಂದು ದೊಡ್ಡದಾಗಿಬಿಟ್ಟದೆ ಅಜ್ಜಿ. ಕಿಡಿ ದಾಟಕ್ಕಾಗಲ್ಲ. ತಟ್ಟಿ ಸಣ್ಣದು ಮಾಡ್ಬೇಕು. ಸಂದು ಅಳೆಯೋ ತಗಡು ದರ್ಜಿ ಇಸ್ಕೊಂಡೋಗವ್ನೆ."

"ಕಣ್ಣಳತೇಲೇ ತಟ್ಟಪ್ಪ!"

"ಊಹೂಂ. ಜಾಸ್ತಿ ತಟ್ಟಿದ್ರೆ ಸಂದೇ ಮುಚ್ಚೋಯ್ತದೆ. ಆಮೇಲೆ ಕಿಡಿ ಎಲ್ಲಿ ಹಾರ್ತದೆ?"

ಅಜ್ಜಿ ದರ್ಜಿ ಚಿಕ್ಕೀರಪ್ಪನ ಹತ್ತಿರ ಹೋದಳು.

"ದರ್ಜಿ, ದರ್ಜಿ, ತಗಡು ಕೊಡು. ತಗಡಿಲ್ಲದೆ ಕಿಡಿಯಿಲ್ಲ. ಕಿಡಿಯಿಲ್ಲದೆ ಡುಗು ಡುಗು ಇಲ್ಲ. ಡುಗು ಡುಗು ಇಲ್ಲದೆ ಪಾಪುಗೆ ನಿದ್ದೆಯಿಲ್ಲ!"

"ಕೊಡಲ್ಲ ಕಣಜ್ಜಿ. ನನ್ನ ಮಿಷಿನ್ ಕುಂಟ್ತದೆ. ಅದರ ಕಾಲಡಿ ಇಟ್ಟಿವ್ನಿ. ತೆಳ್ಳನೆ ಮರದ ಚಕ್ಕೆ ತಾ, ಕೊಡ್ತೀನಿ."

ಅಜ್ಜಿ ಬಡಗಿ ಕಾಳಾಚಾರಿಯ ಹತ್ತಿರ ಹೋದಳು.

"ಬಡಗಿ, ಬಡಗಿ, ಚಕ್ಕೆ ಕೊಡು. ಚಕ್ಕೆಯಿಲ್ಲದೆ ತಗಡಿಲ್ಲ. ತಗಡಿಲ್ಲದೆ ಕಿಡಿಯಿಲ್ಲ. ಕಿಡಿಯಿಲ್ಲದೆ ಡುಗು ಡುಗು ಇಲ್ಲ. ಡುಗು ಡುಗು ಇಲ್ಲದೆ ಪಾಪುಗೆ ನಿದ್ದೆಯಿಲ್ಲ!"

"ಉಳಿ ಮೊಂಡಾಗಿಬಿಟ್ಟದೆ ಅಜ್ಜಿ. ಮಸೆಯಕ್ಕೆ ಎಣ್ಣೆ ತಾ."

ಅಜ್ಜಿ ಗಾಣದ ಬೋರಮ್ಮನ ಹತ್ತಿರ ಹೋದಳು.

"ಬೋರಿ, ಬೋರಿ, ಎಣ್ಣೆ ಕೊಡೇ. ಎಣ್ಣೆಯಿಲ್ಲದೆ ಚಕ್ಕೆಯಿಲ್ಲ. ಚಕ್ಕೆಯಿಲ್ಲದೆ ತಗಡಿಲ್ಲ. ತಗಡಿಲ್ಲದೆ ಕಿಡಿಯಿಲ್ಲ. ಕಿಡಿಯಿಲ್ಲದೆ ಡುಗು ಡುಗು ಇಲ್ಲ. ಡುಗು ಡುಗು ಇಲ್ಲದೆ ಪಾಪುಗೆ ನಿದ್ದೆಯಿಲ್ಲ!"

"ಎಣ್ಣೆ ಎಲ್ಲಿಂದ ತರ್ಲಿ ಅಕ್ಕಾ? ಗಾಣ ತಿರುಗ್ಸೋ ಎತ್ತು ಏಳ್ತಾನೇ ಇಲ್ಲ."

ಅಜ್ಜಿ ಎತ್ತಿನ ಹತ್ತಿರ ಹೋದಳು.

"ಎತ್ತೇ, ಎತ್ತೇ, ಏಳಪ್ಪ. ನೀನೇಳದೆ ಎಣ್ಣೆಯಿಲ್ಲ. ಎಣ್ಣೆಯಿಲ್ಲದೆ ಚಕ್ಕೆಯಿಲ್ಲ. ಚಕ್ಕೆಯಿಲ್ಲದೆ ತಗಡಿಲ್ಲ. ತಗಡಿಲ್ಲದೆ ಕಿಡಿಯಿಲ್ಲ. ಕಿಡಿಯಿಲ್ಲದೆ ಡುಗು ಡುಗು ಇಲ್ಲ. ಡುಗು ಡುಗು ಇಲ್ಲದೆ ಪಾಪುಗೆ ನಿದ್ದೆಯಿಲ್ಲ!"

ಎತ್ತು ಅಂದಿತು, "ಹೆಂಗೆ ಏಳ್ಲಿ ಅಜ್ಜಿ? ಮೂರು ದಿನದಿಂದ ನಿನ್ನ ಪಾಪು ಅಳ್ತದೆ. ನಂಗೂ ನಿದ್ದೆಯಿಲ್ಲ!"

ಅಜ್ಜಿ ಧೊಪ್ಪನೆ ಕೂತಳು. ಸುತ್ತಿ ಸುತ್ತಿ ಮತ್ತೆ ಪಾಪು ಹತ್ತಿರಕ್ಕೇ ಬಂದಾಯ್ತು. ಇನ್ನೆಲ್ಲಿಗೆ ಹೋಗಲಿ? ಅಜ್ಜಿಗೆ ಅಳುವೇ ಬಂತು. ಸುಮ್ಮನೆ ಎತ್ತಿನ ಕತ್ತು ನೇವರಿಸಿದಳು. ಬಾಯಲ್ಲೇ ಅಂದಳು, ಡುಗು... ಡುಗು... ಡುಗು...

ಪಾಪು ಮೋಸ ಹೋಗಲಿಲ್ಲ. ಎತ್ತು ಮೋಸ ಹೋಯಿತು! ಕಣ್ಣು ಮುಚ್ಚಿತು. ಒಂದು ಕೋಳಿನಿದ್ದೆ ಮಾಡಿತು. ಕನಸಲ್ಲಿ ಮೋಡ ಮೇಯಿತು. ಮೋಡ ಹಸಿರಾಗಿತ್ತು, ಮೆತ್ತಗಿತ್ತು. ಹೊಟ್ಟೆ ತುಂಬ ಮೇಯ್ದು ಎದ್ದಿತು.

ಎತ್ತು ಎದ್ದಿತು, ಎಣ್ಣೆ ಬಂತು. ಎಣ್ಣೆ ಬಂತು, ಚಕ್ಕೆ ಬಂತು. ಚಕ್ಕೆ ಬಂತು, ತಗಡು ಬಂತು. ಇಮಾಮಣ್ಣ ಪ್ಲಗ್ಗಿಗೆ ಟಿಕ್ ಅಂತ ತಟ್ಟಿದ. ತಗಡು ಇಟ್ಟು ನೋಡಿದ. ಇನ್ನೊಂದು ಟಿಕ್. ತಗಡು ಸಂದಿನೊಳಗೆ ಮೆಲ್ಲಗೆ ಜಾರಿತು. "ಹಾಂ, ಸರಿಹೋಯ್ತು!"

ಕಿಡಿ ಹಾರಿತು. ಬೈಕು ಡುಗು ಡುಗು ಅಂದಿತು. ಪಾಪು ಆಕಳಿಸಿತು. ಪಾಪು ಮಲಗಿತು.

"ಅಜ್ಜೀ, ಬೈಕು ನಿಲ್ಲಿಸ್ಲಾ?"

ಅಜ್ಜಿ ಬೆಂಚಿನ ಮೇಲೆ ಪಾಪುವನ್ನು ತಬ್ಬಿಕೊಂಡು ಮಲಗಿಬಿಟ್ಟಿದ್ದಳು.

ಇಮಾಮಣ್ಣ ಕೀಲಿಯಿಂದ ಕೈ ತೆಗೆದ. ಮೆಲ್ಲಗೆ ಅಂದ, "ಕಿಡಿಯೇ, ಇನ್ನೊಂಚೂರು ಹಾರ್ತಾ ಇರಪ್ಪ."