ಸಾಕು ಎಂದ ವ್ಯಾಪಾರಿ

"ಗುರುಗಳೇ, ಮಾರುವವನು ನಿಜ ಹೇಳುತ್ತಿದ್ದಾನೋ ತನ್ನ ಲಾಭ ನೋಡುತ್ತಿದ್ದಾನೋ ಎಂದು ತಿಳಿಯುವುದು ಹೇಗೆ?" ಎಂದು ಅಡವೀಶ ಕೇಳಿದ.

ಮಠದ ಗ್ರಂಥಾಲಯಕ್ಕೆ ಒಂದು ಕಂಪ್ಯೂಟರ್ ತರುವ ಕೆಲಸ ಅವನ ಪಾಲಿಗೆ ಬಂದಿತ್ತು. ಜೋಡಿಸಿ ಸಿದ್ಧವಾಗಿ ಬರುವ ಪೆಟ್ಟಿಗೆ. ಅದಕ್ಕೆ ಇನ್ನೇನಾದರೂ ಹಾಕಿಸಿಕೊಳ್ಳಲು ಸ್ವಲ್ಪ ಹಣ ಮಿಗುತ್ತಿತ್ತು, ಎಲ್ಲವನ್ನೂ ಹಾಕಿಸುವಷ್ಟು ಅಲ್ಲ. ಒಬ್ಬ ವ್ಯಾಪಾರಿ ಮೆಮೊರಿ ಹೆಚ್ಚಿಸು ಎಂದಿದ್ದ. ಇನ್ನೊಬ್ಬ ಡಿಸ್ಕ್ ಬದಲಿಸು ಎಂದಿದ್ದ. ಮೂರನೆಯವನು ಅವರಿಬ್ಬರೂ ಕಳ್ಳರು ಎಂದಿದ್ದ. ಅಡವೀಶ ಮೂವರ ದರಪಟ್ಟಿಗಳನ್ನೂ ಗುರುಗಳ ಮುಂದೆ ಹರಡಿದ.

ಗುರುಗಳು ಪಟ್ಟಿಯ ಮೇಲೆ ಕಣ್ಣು ಹಾಯಿಸಲೂ ಇಲ್ಲ. "ಇದರ ಮುಂದೆ ಕೂರುವವರು ಯಾರು?" ಎಂದರು.

"ಯಾರೋ ಕೂರುತ್ತಾರೆ. ಮೊದಲು ಮೋಸ ಹೋಗದೆ ತರಬೇಕಲ್ಲ."

"ಅದೂ ಸರಿಯೇ" ಎಂದು ಗುರುಗಳು ಕತೆ ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ನೇಕಾರನಿದ್ದ. ಅವನ ಹೆಂಡತಿ ಸೀರೆಯ ಅಂಚಿಗೆ ನಕ್ಷೆ ಬರೆಯುತ್ತಿದ್ದಳು. ಸಣ್ಣ ಸಣ್ಣ ಚೌಕಗಳಿರುವ ಕಾಗದ. ಒಂದು ಚೌಕವೆಂದರೆ ಒಂದು ಎಳೆ. ಚೌಕ ತುಂಬಿದರೆ ಬಣ್ಣ, ಬಿಟ್ಟರೆ ಬಯಲು. ಒಂದು ಚೌಕ ತಪ್ಪಿದರೆ ಮಗ್ಗದಲ್ಲಿ ಇಡೀ ಅಂಚು ತಪ್ಪುತ್ತದೆ.

ಅವಳ ತವರಿನಲ್ಲಿ ಒಂದು ಅಂಚಿತ್ತು. ಎರಡು ಗಿಳಿ, ನಡುವೆ ಒಂದು ಬಳ್ಳಿ. ಗಿಳಿಗಳು ಒಂದೇ ತರಹದವಲ್ಲ. ಮೊದಲನೆಯದು ಬಳ್ಳಿಯ ಕಾಯಿಯನ್ನು ಕಚ್ಚಿಕೊಂಡಿದೆ. ಎರಡನೆಯದು ಹಾರಲು ಹೊರಟು, ಕೊರಳು ಹೊರಳಿಸಿ ಹಿಂದಿರುಗಿ ನೋಡುತ್ತಿದೆ. ಆ ಹೊರಳಿದ ಕೊರಳನ್ನು ನೇಯಲು ಬೇರೆ ಯಾವ ಮನೆಯವರಿಗೂ ಬರುತ್ತಿರಲಿಲ್ಲ. ಅವಳ ತಾಯಿ ಅದನ್ನು ಕಾಗದಕ್ಕೆ ಇಳಿಸಿರಲಿಲ್ಲ. ಇವಳೂ ಇಳಿಸಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅದು ಇವಳೊಬ್ಬಳ ತಲೆಯಲ್ಲಿ ಮಾತ್ರ ಉಳಿಯಿತು.

ಅಷ್ಟರಲ್ಲಿ ಅವಳ ಕಣ್ಣು ಮಂಜಾಗತೊಡಗಿತು. ಕಣ್ಣಿನ ಡಾಕ್ಟರು ದೃಷ್ಟಿ ಹೆಚ್ಚು ದಿನ ಉಳಿಯುವುದಿಲ್ಲ ಎಂದರು. ಆಕೆ ಗಂಡನಿಗೆ, "ಕಣ್ಣು ಹೋಗೂದ್ರಾಗ ತವರಿನ ಅಂಚು ಒಂದು ಬರೆದಿಡತೀನ್ರೀ. ಕಾಗದದ ಮ್ಯಾಲೆ ಆಗವಲ್ದು. ಈಗಿನ ಹುಡುಗೂರು ಕಂಪ್ಯೂಟರಿನ್ಯಾಗ ಬರೀತಾರಂತ" ಎಂದಳು. ನೇಕಾರ ಕೂಡಿಟ್ಟಿದ್ದನ್ನೆಲ್ಲ ಅಂಗಿಯ ಒಳಜೇಬಿನಲ್ಲಿಟ್ಟು, ಜೇಬಿನ ಬಾಯಿಗೆ ಪಿನ್ನು ಹಾಕಿಕೊಂಡು ಪೇಟೆಗೆ ಹೊರಟ.

ಅವನು ಕೆಟ್ಟವನಲ್ಲ. ಹೆಂಡತಿಯ ಮೇಲೆ ಜೀವ ಇಟ್ಟುಕೊಂಡವನು. ಆದರೆ ಅನುಮಾನದ ಪ್ರಾಣಿ. ತೆಂಗಿನಕಾಯಿ ಕೊಳ್ಳಲು ಹೋದರೆ ತಾನು ಅಲ್ಲಾಡಿಸಿ ನೋಡುವನು, ಪಕ್ಕದವನ ಕೈಯಲ್ಲೂ ಅಲ್ಲಾಡಿಸುವನು, ಆ ಪಕ್ಕದವನು ಅಂಗಡಿಯವನ ನೆಂಟನಿರಬಹುದು ಎಂದು ಕಾಯಿಯನ್ನು ಅಲ್ಲೇ ಬಿಟ್ಟು ಬರುವನು. ನಿನ್ನಂಥವನೇ ಎನ್ನೋಣ.

ಮೊದಲನೆಯ ಅಂಗಡಿಯ ವ್ಯಾಪಾರಿ ಕೆಲಸ ಏನು ಎಂದು ಕೇಳಿದ. ಅಂಚಿನ ನಕ್ಷೆ ಎಂದ ನೇಕಾರ.

"ಇದರ ಮುಂದ ಕುಂದ್ರೋರು ಯಾರ್ರೀ?"

ಇವನಿಗೇಕೆ ನಮ್ಮ ಮನೆಯ ವಿಚಾರ ಎಂದುಕೊಂಡ ನೇಕಾರ. ಹೆಂಗಸು ಎಂದು ಗೊತ್ತಾದರೆ ಏನು ಕೊಟ್ಟರೂ ನಡೆಯುತ್ತದೆ ಎಂದುಕೊಳ್ಳುತ್ತಾನೆ. "ಯಾರೋ ಕುಂದರ್ತಾರ. ನೀವು ರೇಟ್ ಹೇಳ್ರಿ" ಎಂದ.

ಇಲ್ಲಿ ಅಡವೀಶ ತಲೆ ಎತ್ತಿದ. ಗುರುಗಳು ಅದನ್ನು ನೋಡದವರಂತೆ ಮುಂದುವರಿಸಿದರು.

ವ್ಯಾಪಾರಿ ಹೇಳಿದ: "ನಕ್ಷೆ ಕೆಲಸಕ್ಕ ಈ ಪೆಟ್ಟಿಗಿ ಹೆಂಗ ಬಂದೈತೋ ಹಂಗ ಸಾಕ್ರೀ. ಒಳಗ ಏನೂ ಹಾಕಸಬ್ಯಾಡ್ರಿ. ಉಳಿದ ರೊಕ್ಕದಾಗ ಒಂದು ದೊಡ್ಡ ಪರದೆ ತಗೋರಿ."

ಸಾಕು! ನೇಕಾರನ ಎದೆ ಝಲ್ಲೆಂದಿತು. ಬೇಕು ಎನ್ನುವ ವ್ಯಾಪಾರಿಗಳನ್ನು ಅವನು ಹುಟ್ಟಿದಾಗಿನಿಂದ ಕಂಡಿದ್ದ. ಸಾಕು ಎನ್ನುವ ವ್ಯಾಪಾರಿಯನ್ನು ಕಂಡಿರಲಿಲ್ಲ. ಇದರಲ್ಲಿ ಏನೋ ಇದೆ ಎಂದು ಸುತ್ತ ನೋಡಿದ. ಮೂಲೆಯಲ್ಲಿ ದೊಡ್ಡ ಪರದೆಯ ಡಬ್ಬಗಳು ಒಂದರ ಮೇಲೊಂದು ಕೂತಿದ್ದವು. ಹತ್ತಿರ ಹೋಗಿ ಬೆರಳಾಡಿಸಿದ. ಬೆರಳಿಗೆ ಧೂಳು ಮೆತ್ತಿತು. ಓಹೋ, ಮಾರಾಟವಾಗದ್ದನ್ನು ನನ್ನ ತಲೆಗೆ ಕಟ್ಟುತ್ತಿದ್ದಾನೆ ಎಂದುಕೊಂಡ. ವ್ಯಾಪಾರಿ ತರಿಸಿದ ಚಹಾವನ್ನೂ ಮುಟ್ಟದೆ ಇಳಿದು ಬಂದ.

ಎರಡನೆಯ ಅಂಗಡಿಯವನು ಯಾರು ಕೂರುತ್ತಾರೆ ಎಂದು ಕೇಳಲಿಲ್ಲ. "ನಕ್ಷೆ ಅಂದರ ಚಿತ್ರ ಅಲ್ರೀ? ಚಿತ್ರಕ್ಕ ಗ್ರಾಫಿಕ್ಸ್ ಕಾರ್ಡ್ ಬೇಕ ಬೇಕು. ಮೆಮೊರಿ ಎರಡರಷ್ಟು ಬೇಕು. ಡಿಸ್ಕ್ ಜೋರಿಂದು ಬೇಕು" ಎಂದ. ನೇಕಾರನಿಗೆ ಹೋದ ಜೀವ ಬಂದಂತಾಯಿತು. ಬೇಕು ಎನ್ನುವವನ ಜೊತೆ ಹೇಗೆ ಜಗಳಾಡಬೇಕು ಎಂಬುದು ಅವನಿಗೆ ಗೊತ್ತಿತ್ತು. ಮಧ್ಯಾಹ್ನದವರೆಗೆ ಚೌಕಾಸಿ ಮಾಡಿದ. ಪೆಟ್ಟಿಗೆಯ ಮುಚ್ಚಳ ತೆಗೆಸಿದ. ಒಂದೊಂದು ಭಾಗದ ಮೇಲಿನ ನಂಬರನ್ನೂ ಬಿಲ್ಲಿನ ಜೊತೆ ತಾಳೆ ನೋಡಿದ. ಹಾಕಿದ ಮೆಮೊರಿಯನ್ನು ಕೀಳಿಸಿ, ನೋಡಿ, ಮತ್ತೆ ಹಾಕಿಸಿದ. ಯಾರೂ ಬದಲಾಯಿಸಬಾರದೆಂದು ಮುಚ್ಚಳದ ತಿರುಪುಗಳ ಮೇಲೆ ತಾನೇ ಅರಗು ಕರಗಿಸಿ ಮುದ್ರೆ ಒತ್ತಿದ. ಪೆಟ್ಟಿಗೆಯ ಜೊತೆ ಪುಕ್ಕಟೆ ಬಂದ ಪುಟ್ಟ ಪರದೆಯನ್ನು ಕಂಕುಳಲ್ಲಿ ಇರುಕಿಕೊಂಡು ಮನೆಗೆ ಬಂದ.

ಒಂದು ಮಾತು ಗಮನದಲ್ಲಿಡು. ಎರಡನೆಯವನು ಅವನಿಗೆ ಏನೇನೂ ಮೋಸ ಮಾಡಲಿಲ್ಲ. ಕೊಟ್ಟದ್ದೆಲ್ಲ ಅಪ್ಪಟ ಮಾಲು.

ಹೆಂಡತಿ ಕಂಪ್ಯೂಟರಿನ ಮುಂದೆ ಕೂತಳು. ಗುಂಡಿ ಒತ್ತಿದ ಕೂಡಲೇ ಅದು ಎದ್ದಿತು. ಅವಳು ಚೌಕ ಕಾಣುವಷ್ಟು ದೊಡ್ಡದು ಮಾಡಿದಳು. ಬಳ್ಳಿಯ ಒಂದು ಎಲೆಯೇ ಪರದೆಯ ತುಂಬ ಆಯಿತು, ಗಿಳಿ ಪರದೆಯಿಂದಾಚೆ ಹೋಯಿತು. ಗಿಳಿ ಕಾಣುವಷ್ಟು ಸಣ್ಣದು ಮಾಡಿದಳು. ಚೌಕ ಕಾಣಲಿಲ್ಲ. ಕಾಣದ ಭಾಗವನ್ನು ಬೆರಳಲ್ಲಿ ಎಣಿಸಿಕೊಳ್ಳುತ್ತ, ಪರದೆಗೆ ಮೂಗು ತಾಗಿಸಿ ಬರೆದಳು. ಮೊದಲನೆಯ ಗಿಳಿಗೆ ಒಂದು ಚಳಿಗಾಲ ಪೂರ್ತಿ ಹಿಡಿಯಿತು.

ಒಂದು ದಿನ ಅವಳು, "ಒಳಗ ಭಾಳ ಜೋರ್ ಐತ್ರೀ ಇದು. ನನಗ ಹೊರಗ ಕಾಣವಲ್ದು" ಎಂದಳು.

ನೇಕಾರ ಪೆಟ್ಟಿಗೆಯ ಕಡೆ ನೋಡಿದ. ಕಾರ್ಡನ್ನು ತೆಗೆಸಿ ಮಾರಿ ಪರದೆ ತರಬಹುದಿತ್ತು. ಆದರೆ ಅದಕ್ಕೆ ಅರಗಿನ ಮುದ್ರೆ ಒಡೆಯಬೇಕು. ಒಡೆದರೆ ಉಳಿದದ್ದನ್ನೂ ಬದಲಾಯಿಸಿಬಿಟ್ಟಾರು. ಇವತ್ತು ನಾಳೆ ಎಂದು ದಿನ ತಳ್ಳಿದ, ಪೆಟ್ಟಿಗೆಯನ್ನು ಯಾರ ಕೈಗೂ ಕೊಡಲಿಲ್ಲ. ದಿನಾ ಬೆಳಗ್ಗೆ ಎದ್ದು ಮುದ್ರೆಗಳು ಸರಿಯಾಗಿವೆಯೇ ಎಂದು ಮಾತ್ರ ನೋಡುತ್ತಿದ್ದ.

ಎರಡನೆಯ ಗಿಳಿ ಬಾಲದಿಂದ ಶುರುವಾಗಿ ರೆಕ್ಕೆ ದಾಟಿ ಕೊರಳಿನವರೆಗೆ ಬಂತು. ಅಲ್ಲಿಗೆ ನಿಂತಿತು. ಒಂದು ವಾರ ಹೆಂಡತಿ ಕಂಪ್ಯೂಟರಿನ ಗುಂಡಿ ಒತ್ತಲಿಲ್ಲ. ಏಕೆ ಎಂದು ನೇಕಾರ ಕೇಳಲಿಲ್ಲ. ಕೇಳಲು ಅವನಿಗೆ ಹೆದರಿಕೆ.

ಕಡೆಗೆ ಅವನು ಮೊದಲನೆಯ ಅಂಗಡಿಗೆ ಹೋದ. ಕೊಳ್ಳಲು ಹೋಗಲಿಲ್ಲ, ಕೊಳ್ಳಲು ಕೈಯಲ್ಲಿ ಏನೂ ಇರಲಿಲ್ಲ. "ಅವತ್ತು ಸಾಕು ಅಂದ್ರಲ್ಲ, ಅದರಾಗ ನಿಮಗೇನು ಲಾಭ ಇತ್ತು? ಖರೇ ಹೇಳ್ರಿ" ಎಂದ.

ವ್ಯಾಪಾರಿ ನಕ್ಕುಬಿಟ್ಟ. "ಇತ್ರೀ, ಯಾಕ ಸುಳ್ಳು ಹೇಳ್ಲಿ? ಆ ಪರದೆ ವರ್ಷದಿಂದ ಕುಂತಿದ್ವು. ಒಂದು ಹೋಗಿದ್ರ ಎರಡು ಕಾರ್ಡ್ ಮಾರಿದಷ್ಟು ನನಗ ಉಳೀತಿತ್ತು."

ನೇಕಾರನ ಮುಖ ಅರಳಿತು. ಎಷ್ಟೋ ದಿನದ ಭಾರ ಇಳಿದಂತಾಯಿತು. ಬಿರಬಿರನೆ ಮನೆಗೆ ಬಂದವನೇ ಬಾಗಿಲಲ್ಲಿ ನಿಂತು, "ಏ ಇವಳ, ಕೇಳಿಲ್ಲಿ! ನನ್ನ ಅನುಮಾನ ಖರೇ ಆತು!" ಎಂದು ಕೂಗಿದ.

ಹೆಂಡತಿ ಮುಖ ತಿರುಗಿಸಿದಳು. ಅವನು ನಿಂತ ಕಡೆಗಲ್ಲ, ಸ್ವಲ್ಪ ಆಚೆಗೆ.

"ಯಾವ ಅನುಮಾನರೀ?" ಎಂದಳು.

ಗುರುಗಳು ಕತೆ ನಿಲ್ಲಿಸಿದರು. ಅಡವೀಶ ದರಪಟ್ಟಿಯ ಮೂಲೆಯನ್ನು ಮಡಿಚುತ್ತ, ಬಿಡಿಸುತ್ತ ಕುಳಿತಿದ್ದ. ಅವನು ಸುಲಭಕ್ಕೆ ಸೋಲುವವನಲ್ಲ. ಕಡೆಗೆ ಕೇಳಿದ:

"ಏನೇ ಹೇಳಿ ಗುರುಗಳೇ, ಅವನ ಅನುಮಾನ ನಿಜವೇ ಆಯಿತಲ್ಲ?"

"ನಿಜವೇ ಆಯಿತು, ಎಳ್ಳಷ್ಟೂ ತಪ್ಪಲಿಲ್ಲ, ಆ ಎರಡನೆಯ ಗಿಳಿ ಮಾತ್ರ ಇನ್ನೂ ತಿರುಗಿ ನೋಡಿಲ್ಲ."